ವಹಿವಾಟದಾರನ ಪೆಟ್ಟಿಗೆ

ಅಣ್ಣಿಗೇರಿಯ ಹೆಸರನ್ನೆತ್ತಿದೊಡನೆ ಆದಿಕವಿ ಪಂಪನ ನೆನಪೂ ಅಮೃತೇಶ್ವರ ದೇವಾಲಯದ ಕರಿಗಲ್ಲಿನ ಕಂಬಗಳೂ ವಾಚಕರ ಮನಸ್ಸಿಗೆ ಬರುವದು ಸಹಜವಾಗಿದೆ. ಬೆಳ್ವೊಲ ಮುನ್ನೂರರ ರಾಜಧಾನಿಯೆನಿಸಿ, ಕಲ್ಯಾಣದ ಚಾಲುಕ್ಯರ ಕೊನೆಯ ಅರಸನಾದ ನಾಲ್ಕನೆಯ ಸೋಮೇಶ್ವರನಿಗೆ ನೆಲೆಯನ್ನು ಕೊಟ್ಟ ಊರಿದು. ಇಂಥ ಊರಿನ ಇತಿಹಾಸವನ್ನು ಬರೆಯ ಹೊರಟವರು ಶಿಲಾಶಾಸನಗಳ ಕಡೆಗೆ ನಡೆಯುವದು ಯುಕ್ತವೇ ಸರಿ. ಆದರೆ ಕಲ್ಲಿನ ಮೇಲೆ ಬರೆಯದೆ ಕಾಗದದ ಮೇಲೆ ಮಾತ್ರ ಉಳಿದ ಇನ್ನೊಂದು ಇತಿಹಾಸವು ಈ ಎರೆಯ ನಾಡಿನಲ್ಲಿದೆ. ಅದು ದೊಡ್ಡ ಮನೆತನಗಳ ಅಟ್ಟದ ಮೇಲೆ, ಹಿತ್ತಾಳೆಯ ಕೀಲಿಯುಳ್ಳ ಕಟ್ಟಿಗೆಯ ಪೆಟ್ಟಿಗೆಗಳಲ್ಲಿ ಇದೆ. ಆ ಪೆಟ್ಟಿಗೆಯ ಕೀಲಿಯು ಮಾಲಕನ ಕೈಯಲ್ಲಿರುತ್ತಿದ್ದಿಲ್ಲ, ವಹಿವಾಟದಾರನ ಉಡಿಯಲ್ಲಿರುತ್ತಿತ್ತು.

ವಹಿವಾಟದಾರನೆಂದರೆ ಯಾರು? ಮಾಲಕನು ಧಾರವಾಡದಲ್ಲಿ ವಕೀಲಿಯನ್ನೋ ಪುಣೆಯಲ್ಲಿ ನೌಕರಿಯನ್ನೋ ಮಾಡುತ್ತಿರುವನು. ಇಲ್ಲವೆ ಮಾಲಕಳು ವಿಧವೆಯಾಗಿ ತೌರುಮನೆಯಲ್ಲಿರುವಳು. ಹೊಲಗಳನ್ನು ಲಾವಣಿಗೆ ಹಾಕುವದು, ಪೇಟೆಯ ಅಂಗಡಿ ವಖಾರಿಗಳನ್ನೂ ಓಣಿಯ ಮನೆಗಳನ್ನೂ ಬಾಡಿಗೆಗೆ ಕೊಡುವದು, ಕಾಲಕಾಲಕ್ಕೆ ವಸೂಲು ಮಾಡಿ ಸರಕಾರದ ಆಕಾರವನ್ನು ತುಂಬುವದು, ಬಿಡದವರನ್ನು ಬಿಡಿಸುವದು—ಇವೆಲ್ಲ ಊರಲ್ಲಿರುವ ಒಬ್ಬ ನಂಬಿಗೆಯ ಮನುಷ್ಯನ ಕೆಲಸಗಳು. ಕಾರಭಾರಿಯೆಂದೂ ಕಾರಕೂನನೆಂದೂ ಅವನನ್ನು ಕರೆಯುವದುಂಟು. ಅವನ ಸಂಬಳವು ಅಲ್ಪ. ಅವನ ಅಧಿಕಾರವು ಬಹಳ. ಆ ಅಧಿಕಾರಕ್ಕೆ ಮೂಲವು ದಂಡವಲ್ಲ, ಒಡೆಯನ ದರ್ಪವೂ ಅಲ್ಲ. ಕಾಯದೆಯ ತಾರೀಖುಗಳನ್ನು ಊರಲ್ಲಿ ಅವನೊಬ್ಬನೇ ಬಲ್ಲವನಾಗಿದ್ದನು.

ಒಡೆಯ ಒಕ್ಕಲುಗಳ ಕರಾರು ನಮ್ಮಲ್ಲಿ ಹೊಸದಲ್ಲ. ಈ ಭಾಗದ ಶಾಸನಗಳಲ್ಲಿ ಸಿದ್ಧಾಯ, ಅರುವಣ, ಗುತ್ತಗೆ ಎಂಬ ಶಬ್ದಗಳು ಮತ್ತೆ ಮತ್ತೆ ಕಾಣುತ್ತವೆ. ದೇವರಿಗೆ ಬಿಟ್ಟ ಹೊಲಕ್ಕೆ ಇಷ್ಟೇ ಅರುವಣ, ಇದಕ್ಕೆ ಮಿಕ್ಕಿ ಕೇಳಕೂಡದು ಎಂದು ಕಲ್ಲಿನಲ್ಲಿ ಕೊರೆಯಿಸಿದ್ದರ ಅರ್ಥವು ಸ್ಪಷ್ಟವಾಗಿದೆ: ಉಳುವವನಿಗೆ ಕೊಡುವ ಮೊತ್ತಕ್ಕಿಂತ ಆ ಮೊತ್ತದ ನಿಶ್ಚಿತತೆಯೇ ಹೆಚ್ಚಿನದಾಗಿತ್ತು. ಈ ಮಾತನ್ನು ಮುಂದೆಯೂ ನೆನಪಿಡತಕ್ಕದ್ದು.

ಪೆಟ್ಟಿಗೆಯ ಕಾಲವು ಇಂಗ್ಲೀಷರ ಪೈಮಾಯಿಷಿಯಿಂದ ಆರಂಭವಾಗುವದು. ವಿಂಗೇಟ ಮತ್ತು ಗೋಲ್ಡಸ್ಮಿಡ ಎಂಬಿಬ್ಬರು ಅಧಿಕಾರಿಗಳು ರೂಢಿಸಿದ, 1847ರ ಸಂಯುಕ್ತ ವರದಿಯಲ್ಲಿ ನಿಯಮಬದ್ಧವಾದ ಪದ್ಧತಿಯಂತೆ ಧಾರವಾಡ ಜಿಲ್ಲೆಯ ಹೊಲಗಳು ಅಳೆಯಲ್ಪಟ್ಟವು. ಒಂದೊಂದು ಹೊಲಕ್ಕೆ ನಂಬರೂ ಆಕಾರವೂ ಬಿದ್ದವು. ಸರಕಾರಕ್ಕೆ ಆಕಾರವನ್ನು ಕೊಡುವವನ ಹೆಸರು ಖಾತೆಯಲ್ಲಿ ಏರಿತು. ಅವನ ಕೈಕೆಳಗೆ ರಂಟೆ ಹೊಡೆಯುವವನ ಹೆಸರು ಎಲ್ಲಿಯೂ ಏರಲಿಲ್ಲ. ಸರಕಾರವು ಅವನ ಕುರಿತು ದ್ವೇಷ ಮಾಡಿತೆಂದಲ್ಲ. ಅವನಿಂದ ಅದಕ್ಕೆ ಬರತಕ್ಕದ್ದೇನೂ ಇದ್ದಿಲ್ಲವಾದ್ದರಿಂದ ಅವನು ಅದರ ಕಣ್ಣಿಗೆ ಬೀಳಲಿಲ್ಲ. 1861ರಿಂದ 1865ರ ವರೆಗಿನ ಅಮೇರಿಕೆಯ ಅಂತರ್ಯುದ್ಧದಲ್ಲಿ ಹತ್ತಿಯ ಬೆಲೆಯು ಏರಿ, ಎರೆಯ ಹೊಲಕ್ಕೆ ಹಿಂದೆಂದೂ ಇಲ್ಲದ ಮೋಲು ಬಂದಿತು. ಮೋಲು ಬಂದ ಹೊಲವನ್ನು ಯಾರಿಗೆ ಲಾವಣಿಗೆ ಕೊಡಬೇಕು, ಎಂದು ಬಿಡಿಸಬೇಕು ಎಂಬ ಪ್ರಶ್ನೆಯೂ ಆಗ ಮೋಲಿನದಾಯಿತು.

1879ರ ಮುಂಬಯಿ ಜಮೀನು ಮಹಸೂಲ ಕಾಯದೆಯು ಈ ಪ್ರಶ್ನೆಗೆ ಎರಡು ಕಲಮುಗಳಲ್ಲಿ ಉತ್ತರವನ್ನು ಕೊಟ್ಟಿತು. 83ನೆಯ ಕಲಮಿನಂತೆ, ಒಕ್ಕಲುತನವು ಯಾವಾಗ ಆರಂಭವಾಯಿತೆಂಬುದಕ್ಕೆ ಅದರ ಪುರಾತನತ್ವದ ಮೂಲಕ ಪುರಾವೆಯೇ ಸಿಕ್ಕದಿದ್ದರೆ, ಒಡೆಯನ ಹಕ್ಕು ಇರುವ ವರೆಗೆ ಒಕ್ಕಲಿನ ಹಕ್ಕೂ ಇರುವದೆಂದು ತಿಳಿಯತಕ್ಕದ್ದು. ತಾತ ಮುತ್ತಾತಂದಿರ ಕಾಲದಿಂದ ಉಳುತ್ತ ಬಂದವನಿಗೆ ಇದು ದೊಡ್ಡ ಆಸರೆ. ಆದರೆ ಜಾಣ ವಹಿವಾಟದಾರನು ಇದನ್ನು ಓದಿದ ದಿನವೇ ಇದಕ್ಕೆ ಮದ್ದನ್ನು ಕಂಡುಕೊಂಡನು. ವರ್ಷಕ್ಕೊಮ್ಮೆ ಹೊಸ ಕಬೂಲಾಯತಿಯನ್ನು ಬರೆಯಿಸಿಕೊಂಡರೆ ಒಕ್ಕಲುತನಕ್ಕೆ ಆರಂಭದ ತಾರೀಖು ಸಿಕ್ಕಿತು. ತಾರೀಖು ಸಿಕ್ಕಿದ ಮೇಲೆ ಪುರಾತನತ್ವವೆಲ್ಲಿ? ಅಜ್ಜನಿಂದ ಬಂದ ಹೊಲಕ್ಕೆ ಮೊಮ್ಮಗನು ಹೆಬ್ಬೆರಳನ್ನು ಒತ್ತಿದನು. ತಾನು ಒತ್ತಿದ್ದೇನೆಂಬುದು ಅವನಿಗೆ ತಿಳಿಯಲಿಲ್ಲ. ಪೆಟ್ಟಿಗೆಯ ತಳದಲ್ಲಿ ದಾರ ಕಟ್ಟಿದ ಕಬೂಲಾಯತಿಗಳ ಕಟ್ಟುಗಳು ಅಷ್ಟೇಕೆ ದಪ್ಪವಾಗಿರುವವೆಂಬುದಕ್ಕೆ ಇದೇ ಕಾರಣವು.

ಇನ್ನೊಂದು 84ನೆಯ ಕಲಮು. ವರ್ಷದ ಲಾವಣಿಯನ್ನು ಮುರಿಯಬೇಕಾದರೆ ವರ್ಷವು ಮುಗಿಯುವ ಮೂರು ತಿಂಗಳು ಮೊದಲು ಲಿಖಿತ ನೋಟೀಸನ್ನು ಕೊಡಬೇಕು. ಒಕ್ಕಲುತನದ ಹಂಗಾಮು ಮಾರ್ಚ 31ಕ್ಕೆ ಮುಗಿಯುವದೆಂದು ತಿಳಿಯಬಹುದು. ಲೆಕ್ಕ ಹಾಕಿದರೆ ಡಿಸೆಂಬರ 31ರೊಳಗೆ ನೋಟೀಸು ಮುಟ್ಟತಕ್ಕದ್ದು. ನಮ್ಮ ರೈತರ ವರ್ಷವಾದರೋ ಯುಗಾದಿಯ ಪಾಡ್ಯದಿಂದ ಪಾಡ್ಯಕ್ಕೆ. ಹೊಲವನ್ನು ಬಿಡುವ ಹಿಡಿಯುವ ಮಾತುಗಳೆಲ್ಲ ಬೇವು ಬೆಲ್ಲದ ಸುತ್ತಮುತ್ತ ನಡೆಯುವವು. ಸರಕಾರದ ತಾರೀಖು ಬರುವಾಗ ಅಣ್ಣಿಗೇರಿಯ ಎರೆಯಲ್ಲಿ ಹಿಂಗಾರಿಯ ಜೋಳವು ತೆನೆಗಟ್ಟುತ್ತಿರುವದು, ಕಡಲೆಯು ಹೂವಾಡುತ್ತಿರುವದು, ಹತ್ತಿಯು ಇನ್ನೂ ಒಡೆದಿರುವದಿಲ್ಲ. ಕಣ್ಣೆದುರಿಗೆ ಬೆಳೆ ನಿಂತಿರುವಾಗ ಮುಂದಿನ ವರ್ಷ ಈ ಹೊಲವು ನಿನ್ನದಲ್ಲವೆಂಬ ಕಾಗದವು ಬಂದರೆ ಒಕ್ಕಲು ಅದನ್ನು ನಂಬುವದಾದರೂ ಹೇಗೆ? ಯುಗಾದಿಗೆ ನೋಡೋಣವೆಂದು ಅವನು ಅದನ್ನು ಮಾಡಿನಲ್ಲಿ ಸಿಕ್ಕಿಸಿ ಸುಮ್ಮನಾಗುವನು. ಯುಗಾದಿಯ ಹೊತ್ತಿಗೆ ಕಾಯದೆಯ ಪ್ರಕಾರ ಅವನು ಪರಸ್ಥನಾಗಿರುವನು. ಇತ್ತ ವಹಿವಾಟದಾರನಾದರೂ ಜನವರಿ 1ಕ್ಕೆ ನೋಟೀಸು ಮುಟ್ಟಿಸಿದರೆ ಒಂದು ವರ್ಷವನ್ನೇ ಕಳಕೊಂಡಂತೆ. ಎರಡೂ ಪಕ್ಷಗಳ ಭಾಗ್ಯವು ಒಂದೇ ರಾತ್ರಿಯ ಮೇಲೆ ತೂಗುತ್ತಿತ್ತು. ಒಬ್ಬನಿಗೆ ಆ ರಾತ್ರಿಯ ಅರಿವಿತ್ತು, ಇನ್ನೊಬ್ಬನಿಗಿದ್ದಿಲ್ಲ.

ಇಷ್ಟಾದರೂ ಒಕ್ಕಲಿಗೆ ಬಾಗಿಲುಗಳೇ ಇದ್ದಿಲ್ಲವೆಂದು ಹೇಳಲಾಗದು. 1906ರ ಮಾಮಲೇದಾರರ ಕೋರ್ಟುಗಳ ಕಾಯದೆಯಂತೆ, ಕಾಯದೆಯ ಮಾರ್ಗವನ್ನು ಬಿಟ್ಟು ಹೊಲದಿಂದ ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ಮಾಮಲೇದಾರನ ಮುಂದೆ ಹೋದರೆ ಕಬಜೆಯು ತಿರುಗಿ ದೊರೆಯಬಹುದಾಗಿತ್ತು. ಅಣ್ಣಿಗೇರಿಯವರಿಗೆ ಅದು ನವಲಗುಂದದ ಕಚೇರಿ. ಆರು ತಿಂಗಳೆಂಬುದನ್ನು ಯಾರಾದರೂ ಹೇಳಿದರಲ್ಲವೇ ನವಲಗುಂದದ ದಾರಿಯನ್ನು ಹಿಡಿಯುವದು!

ಮನೆ ಅಂಗಡಿಗಳ ಮಾತು ಬೇರೆ. ಅಲ್ಲಿ ನಡೆಯುವದು 1882ರ ಸ್ವತ್ತು ಹಸ್ತಾಂತರ ಕಾಯದೆ. ಇದು ಮುಂಬಯಿ ಇಲಾಖೆಗೆ 1893ರ ಜನವರಿ 1ರಿಂದ ಅನ್ವಯಿಸಿತು. ಕರಾರು ಇಲ್ಲದಿದ್ದಲ್ಲಿ ಮನೆಯ ಬಾಡಿಗೆಯು ತಿಂಗಳಿಂದ ತಿಂಗಳಿಗೆ ನಡೆಯುವದೆಂದೂ, ಅದನ್ನು ಹದಿನೈದು ದಿನಗಳ ನೋಟೀಸಿನಿಂದ ಮುರಿಯಬಹುದೆಂದೂ ಇದರ 106ನೆಯ ಕಲಮು ಹೇಳಿತು. ಕೇಳಲಿಕ್ಕೆ ಸುಲಭ. ಆದರೆ ಆ ಹದಿನೈದು ದಿನಗಳು ಬಾಡಿಗೆಯ ತಿಂಗಳಿನ ಕೊನೆಯ ದಿನಕ್ಕೇ ಮುಗಿಯಬೇಕು. ಒಂದನೆಯ ತಾರೀಖಿಗೆ ಬಾಡಿಗೆಯಿದ್ದವನಿಗೆ ಐದನೆಯ ತಾರೀಖು ಕಾಗದ ಬರೆದು, ಇದು ಮುಟ್ಟಿದ ಹದಿನೈದು ದಿನದಲ್ಲಿ ಮನೆ ಬಿಡು ಎಂದರೆ ಆ ಕಾಗದವು ರದ್ದಿಗೆ ಸಮಾನ. ದಾವೆ ಹಾಕಿ, ವಕೀಲನಿಗೆ ಕೊಟ್ಟು, ವರ್ಷಗಟ್ಟಲೆ ತಿರುಗಿದ ಮೇಲೆ ನೋಟೀಸಿನ ತಾರೀಖು ತಪ್ಪಿದೆಯೆಂದು ದಾವೆಯನ್ನು ಕಳಕೊಂಡು ಬಂದ ಮಾಲಕರಿಗೆ ಈ ದೇಶದಲ್ಲಿ ಲೆಕ್ಕವಿಲ್ಲ. 2002ರ ತಿದ್ದುಪಡಿಯು ಬರುವ ವರೆಗೆ ಈ ತೊಡಕು ಹಾಗೆಯೇ ಉಳಿಯಿತು. ಹೊಲದ ವಿಷಯದಲ್ಲಿ ತಾರೀಖು ಒಡೆಯನ ಆಯುಧವಾದರೆ ಮನೆಯ ವಿಷಯದಲ್ಲಿ ಅದೇ ತಾರೀಖು ಬಾಡಿಗೆದಾರನ ಗುರಾಣಿಯಾಯಿತು. ಪೇಟೆಯ ಬಾಡಿಗೆದಾರನು ಅಕ್ಷರ ಬಲ್ಲ ವ್ಯಾಪಾರಿ. ಎರೆಯ ಲಾವಣಿದಾರನು ಹಾಗಲ್ಲ. ಕಾಯದೆಯು ಒಂದೇ ಬಗೆಯದಾದರೂ ಫಲವು ಎರಡು ಬಗೆಯದಾದದ್ದು ಇದರಿಂದಲೇ.

ಹನ್ನೊಂದು ತಿಂಗಳಿನ ಬಾಡಿಗೆ ಚೀಟಿಯ ಹುಟ್ಟನ್ನೂ ಇಲ್ಲಿಯೇ ಹೇಳಿಬಿಡುವೆನು. ಒಂದು ವರ್ಷವನ್ನು ಮೀರಿದ ಕರಾರನ್ನೂ ವರ್ಷ ವರ್ಷಕ್ಕೆ ನಡೆಯುವ ಕರಾರನ್ನೂ ನೋಂದಣಿ ಮಾಡಿಸಲೇಬೇಕೆಂದು ಕಾಯದೆಯಿರುವದರಿಂದ, ಆ ಖರ್ಚನ್ನೂ ತಿರುಗಾಟವನ್ನೂ ಉಳಿಸುವದಕ್ಕಾಗಿ ಒಂದು ತಿಂಗಳನ್ನು ಕಡಿಮೆ ಬರೆಯುವದು ರೂಢಿಯಾಯಿತು. ಈಗ ಅದನ್ನು ಬರೆಯುವವರಲ್ಲಿ ಹಲವರು ಹನ್ನೊಂದೆಂಬುದು ಏನೋ ಶುಭಸಂಖ್ಯೆಯಿರಬೇಕೆಂದು ತಿಳಿದಂತೆ ತೋರುತ್ತದೆ. ಇನ್ನು ಮಾಳಿಗೆಯ ಮಾತು. ಮಣ್ಣಿನ ಮೇಲ್ಮಾಳಿಗೆಗೆ ಮಳೆಗಾಲದ ಮೊದಲು ಮಣ್ಣು ಹಾಕಿಸತಕ್ಕವರು ಯಾರೆಂಬುದರ ಮೇಲೆ ನಮ್ಮೂರುಗಳಲ್ಲಿ ಆದಷ್ಟು ಜಗಳಗಳು ಬಾಡಿಗೆಯ ಮೇಲೂ ಆಗಿರಲಿಕ್ಕಿಲ್ಲ. ಮಾಲಕನು ಮಾಡಿಸಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದೆಂದು 108ನೆಯ ಕಲಮಿನಲ್ಲಿದೆ. ಯಾವದು ಮಾಲಕನು ಮಾಡಿಸಬೇಕಾದದ್ದು ಎಂಬುದು ಚೀಟಿಯಲ್ಲಿ ಇರಬೇಕಷ್ಟೆ. ಬಲ್ಲ ವಹಿವಾಟದಾರನು ಮಣ್ಣಿನ ಮಾತನ್ನು ಚೀಟಿಯ ಮೊದಲನೆಯ ಸಾಲಿನಲ್ಲಿಯೇ ಬರೆಯುತ್ತಿದ್ದನು.

1903ರಲ್ಲಿ ಹಕ್ಕಿನ ದಾಖಲೆಗಳ ಕಾಯದೆಯು ಬಂದು, ಹೊಲದಲ್ಲಿ ಯಾರಾರಿಗೆ ಯಾವ ಯಾವ ಹಕ್ಕು ಇದೆಯೆಂಬುದನ್ನು ಊರ ದಫ್ತರದಲ್ಲಿ ಬರೆಯುವ ಏರ್ಪಾಡಾಯಿತು. ಮುಂದೆ 1913ರಲ್ಲಿ ಅದು ಮಹಸೂಲ ಕಾಯದೆಯಲ್ಲಿಯೇ ಸೇರಿತು. ಉಳುವವನ ಹೆಸರು ಸರಕಾರದ ಕಾಗದದ ಮೇಲೆ ಕಾಣಲಿಕ್ಕೆ ದಾರಿಯಾದದ್ದು ಹೀಗೆ. ಉತಾರವೆಂಬ ಕಾಗದದ ಮಹಿಮೆಯು ಆಗಿನಿಂದ ಬೆಳೆಯಿತು. ದಫ್ತರವನ್ನು ಬರೆಯುವವರು ಊರ ಕುಲಕರ್ಣಿಗಳು. ವಹಿವಾಟದಾರರಿಗೂ ಅವರಿಗೂ ಒಂದೇ ಕಟ್ಟೆಯ ಮೇಲೆ ಕೂಡ್ರುವ ಸ್ನೇಹ. ಆದಕಾರಣ ಲಾವಣಿದಾರನ ಹೆಸರು ಇರಬೇಕಾದಲ್ಲಿ ಖುದ್ದು ಸಾಗುವಳಿಯೆಂದು ಬೀಳುವದು ಕಷ್ಟದ ಕೆಲಸವಾಗಿರಲಿಲ್ಲ. ಇದರ ಬೆಲೆಯು ಎಪ್ಪತ್ತು ವರ್ಷಗಳ ತರುವಾಯ ತಿಳಿದುಬಂದಿತು.

ಮೊದಲನೆಯ ಮಹಾಯುದ್ಧದಲ್ಲಿ ಮನೆಗಳ ಅಭಾವವಾಗಿ 1918ರಲ್ಲಿ ಮುಂಬಯಿ ಸರಕಾರವು ಬಾಡಿಗೆಯನ್ನು ಕಟ್ಟುಹಾಕುವ ಕಾಯದೆಯನ್ನು ಮಾಡಿತು. 1939ರಲ್ಲಿಯೂ 1944ರಲ್ಲಿಯೂ ಅಂಥವೇ ಬಂದವು. ಇವೆಲ್ಲವುಗಳ ಮೇಲೆ 1947ರ ಬಾಡಿಗೆ ನಿಯಂತ್ರಣ ಕಾಯದೆಯು 1948ರ ಫೆಬ್ರುವರಿ 13ರಂದು ಜಾರಿಗೆ ಬಂದಿತು. ಇದು ಎಲ್ಲ ಊರುಗಳಿಗೂ ತಾನಾಗಿ ತಗಲುವಂಥದಲ್ಲ. ಅನುಸೂಚಿಯಲ್ಲಿ ಹೆಸರಿಸಿದ ಮತ್ತು ಸರಕಾರವು ಪ್ರಕಟಿಸಿದ ಪ್ರದೇಶಗಳಿಗೆ ಮಾತ್ರ. ಅದು ತಗಲಿದಲ್ಲಿ 1940ರ ಸೆಪ್ಟೆಂಬರ 1ರಂದಿದ್ದ ಬಾಡಿಗೆಯೇ ಪ್ರಮಾಣದ ಬಾಡಿಗೆ. ಅದನ್ನು ಕೊಡುತ್ತಿರುವ ತನಕ ಬಾಡಿಗೆದಾರನನ್ನು ಎಬ್ಬಿಸಕೂಡದು. ಪಗಡಿಯನ್ನು ತೆಗೆದುಕೊಳ್ಳುವದು ಅಪರಾಧ. ಪಾವತಿಯನ್ನು ಕೊಡದಿರುವದೂ ಅಪರಾಧ. ಕೊನೆಯ ಮಾತು ವಹಿವಾಟದಾರನನ್ನು ನೇರವಾಗಿ ತಟ್ಟಿತು. ಅದು ವರೆಗೆ ಪಾವತಿಯೆಂಬುದು ಅವನ ಔದಾರ್ಯವಾಗಿತ್ತು. ಇನ್ನು ಮುಂದೆ ಅದು ಬಾಡಿಗೆದಾರನ ಹಕ್ಕಾಯಿತು. ಪೆಟ್ಟಿಗೆಯಲ್ಲಿದ್ದ ಕಾಗದಗಳಿಗೆ ಜೋಡಿಯಾದ ಕಾಗದಗಳು ಪ್ರಥಮತಃ ಬಾಡಿಗೆದಾರನ ಮನೆಯಲ್ಲಿಯೂ ಕೂಡಿಬೀಳತೊಡಗಿದವು.

ಹೊಲದ ಲಾವಣಿಗೂ ಇದೇ ಗಾಳಿ ಬೀಸಿತು. 1939ರ ಮುಂಬಯಿ ಕುಳ ಕಾಯದೆಯು, 1938ರ ಜನವರಿ 1ಕ್ಕೆ ಹಿಂದಿನ ಆರು ವರ್ಷ ಬಿಡದೆ ಖುದ್ದು ಉಳುತ್ತ ಬಂದವನನ್ನು ಸಂರಕ್ಷಿತ ಕುಳನೆಂದು ಕರೆಯಿತು. ಅದು ಕೆಲವೇ ಜಿಲ್ಲೆಗಳಲ್ಲಿ ಮೊದಲಾಗಿ 1946ರಲ್ಲಿ ಇಲಾಖೆಗೆಲ್ಲ ಹಬ್ಬಿತು. 1948ರ ಡಿಸೆಂಬರ 28ರಂದು ಇದಕ್ಕಿಂತ ವಿಸ್ತಾರವಾದ ಕಾಯದೆಯು ಜಾರಿಗೆ ಬಂದು, ಸಮಪಾಲಿನ ರೂಢಿಯಿದ್ದಲ್ಲಿ ಒಣಬೇಸಾಯದ ಹೊಲಕ್ಕೆ ಮೂರರಲ್ಲೊಂದು, ನೀರಾವರಿಗೆ ನಾಲ್ಕರಲ್ಲೊಂದು ಎಂದು ಪಾಲಿಗೆ ಮಿತಿಯನ್ನು ಹಾಕಿತು; ಮಾಮಲೇದಾರನ ಹುಕುಮಿಲ್ಲದೆ ಒಡೆಯನು ಕಬಜೆಯನ್ನು ತೆಗೆದುಕೊಳ್ಳಕೂಡದೆಂದಿತು. ಡಿಸೆಂಬರ 31ರ ರಾತ್ರಿಯ ಮಾಯೆಯು ಇದರಿಂದ ಹರಿಯಿತು. ಆದರೆ ಕಾಯದೆಯಲ್ಲಿ ಒಂದು ಸಣ್ಣ ಕಿಂಡಿಯಿತ್ತು: ಕುಳನು ತಾನೇ ಸ್ವಖುಷಿಯಿಂದ ಹೊಲವನ್ನು ಬಿಟ್ಟುಕೊಡಬಹುದು. ದಾಂಡೇಕರ ಮತ್ತು ಖುದಾನಪುರ ಎಂಬ ವಿದ್ವಾಂಸರು ಪುಣೆಯ ಗೋಖಲೆ ಸಂಸ್ಥೆಯಿಂದ ಈ ಕಾಯದೆಯ ನಡೆವಳಿಕೆಯನ್ನು ಶೋಧಿಸಿ 1957ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇಂಥ ಸ್ವಖುಷಿಯ ರಾಜೀನಾಮೆಗಳ ಸಂಗತಿಯೇ ಎದ್ದು ಕಾಣುವದು. ಹೊಲವೇ ಜೀವವಾದವನು ಖುಷಿಯಿಂದ ಹೊಲ ಬಿಡುವನೆಂದರೆ ಆ ಖುಷಿಯ ಸ್ವರೂಪವನ್ನು ವಾಚಕರೇ ಊಹಿಸಬಲ್ಲರು.

ಈಗ ಈ ಲೇಖನದ ಮುಖ್ಯ ಸಂಗತಿಗೆ ಬರುವೆನು. ಮುಂಬಯಿ ರಾಜ್ಯವು 1956ರಲ್ಲಿ ಈ ಕಾಯದೆಗೆ ಭಾರಿ ತಿದ್ದುಪಡಿಯನ್ನು ಮಾಡಿತು. ಅದು ಆಗಸ್ಟ 1ರಿಂದ ಜಾರಿಗೆ ಬಂದಿತು. ಅದರಂತೆ 1957ರ ಏಪ್ರಿಲ 1, ಕೃಷಿಕರ ದಿನವು. ಆ ದಿನ ಉಳುವ ಕುಳನು ಅರ್ಜಿಯಿಲ್ಲದೆ, ದಾವೆಯಿಲ್ಲದೆ, ತಾನು ಉಳುವ ಹೊಲವನ್ನು ಕೊಂಡವನೆಂದೇ ಎಣಿಸಲ್ಪಡತಕ್ಕವನು. ಬೆಲೆಯು ಆಕಾರದ ಇಪ್ಪತ್ತು ಪಟ್ಟಿನಿಂದ ಇನ್ನೂರು ಪಟ್ಟಿನೊಳಗೆ ನಿರ್ಣಯವಾಗತಕ್ಕದ್ದು. ಅರವತ್ತು ಎಪ್ಪತ್ತು ವರ್ಷಗಳಿಂದ ತಾರೀಖಿನಿಂದಲೇ ಸೋಲುತ್ತ ಬಂದವನಿಗೆ ಒಂದು ತಾರೀಖು ತಾನಾಗಿಯೇ ಗೆಲವನ್ನು ತರುವಂತಿತ್ತು. ಆದರೆ ಅದಕ್ಕೆ ಐದು ತಿಂಗಳು ಮೊದಲೇ, 1956ರ ನವೆಂಬರ 1ರಂದು, ಧಾರವಾಡ ಜಿಲ್ಲೆಯು ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯದಲ್ಲಿ ಸೇರಿತು. ಕನ್ನಡಿಗರ ಪಾಲಿಗೆ ಅದು ಮಹೋತ್ಸವದ ದಿನವು. 1953ರಲ್ಲಿ ಹುಬ್ಬಳ್ಳಿಯ ಬಳಿಯ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಇದಕ್ಕಾಗಿಯೇ ಉಪವಾಸವನ್ನು ಕೈಕೊಂಡಿದ್ದರು. ಆ ಉತ್ಸವದ ಮೆರವಣಿಗೆಗಳಲ್ಲಿ ಲಾವಣಿದಾರರೂ ಇದ್ದಿರಬೇಕಲ್ಲವೇ? ರಾಜ್ಯ ಪುನರ್ವಿಂಗಡಣೆಯ ಕಾಯದೆಯಂತೆ ಹಳೆಯ ಕಾಯದೆಗಳು ಬದಲಾಗುವ ತನಕ ನಡೆಯತಕ್ಕವಾಗಿದ್ದವು, ನಿಜ. ಆದರೆ ಮೈಸೂರು ರಾಜ್ಯವು 1957ರಲ್ಲಿ ಆ ಕೊಳ್ಳುವಿಕೆಯ ಕಲಮುಗಳನ್ನು ಮುಂಬಯಿ ಭಾಗದಲ್ಲಿ ಅಮಾನತ್ತಿನಲ್ಲಿಟ್ಟಿತು. ನಾನಾ ಭಾಗಗಳ ನಾನಾ ಕಾಯದೆಗಳನ್ನು ಒಂದುಗೂಡಿಸುವ ತನಕ ತಡೆಯಬೇಕೆಂಬುದು ಅದಕ್ಕೆ ಕಾರಣವು. ಮುಂಬಯಿಯಲ್ಲಿಯೇ ಉಳಿದ ಅಕ್ಕಲಕೋಟೆ ಮತ್ತು ಜತ್ತಗಳ ಕನ್ನಡ ಒಕ್ಕಲನಿಗೆ ಕೃಷಿಕರ ದಿನವು ಬಂದಿತು; ಕರ್ನಾಟಕಕ್ಕೆ ಬಂದು ಸೇರಿದ ಅಣ್ಣಿಗೇರಿಯ ಒಕ್ಕಲನಿಗೆ ಬರಲಿಲ್ಲ. ಏಕೀಕರಣವನ್ನು ಹಳಿಯುವದಕ್ಕಾಗಿ ಇದನ್ನು ಬರೆದಿಲ್ಲ. ಆ ಹೋರಾಟದ ಚರಿತ್ರೆಗಳಲ್ಲಿ ಈ ಐದು ತಿಂಗಳುಗಳ ಉಲ್ಲೇಖವು ಕಾಣದಿರುವದು ಮಾತ್ರ ನನಗೆ ಸರಿದೋರುವದಿಲ್ಲ.

ಕಾಯದೆಗಳನ್ನು ಒಂದುಗೂಡಿಸುವ ವಿಚಾರಕ್ಕಾಗಿ 1957ರಲ್ಲಿ ಜಮಖಂಡಿಯ ಬಿ. ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ಸಮಿತಿಯು ನೇಮಕವಾಯಿತು. ಅದರ ವರದಿಯ ಮೇಲಿಂದ ಮೈಸೂರು ಭೂಸುಧಾರಣೆ ಕಾಯದೆಯು 1961ರಲ್ಲಿ ಸಿದ್ಧವಾಗಿ, 1965ರ ಅಕ್ಟೋಬರ 2ರಂದು ಜಾರಿಗೆ ಬಂದಿತು. ಈ ನಡುವಿನ ವರ್ಷಗಳು ವಹಿವಾಟದಾರನಿಗೆ ಸುಗ್ಗಿಯ ಕಾಲ. ಬರಲಿರುವ ಕಾಯದೆಯ ಸುದ್ದಿಯು ಪತ್ರಿಕೆಗಳಲ್ಲಿ ಬರುತ್ತಲೇ ಇತ್ತು. ಪತ್ರಿಕೆಯನ್ನು ಓದುವವನು ಅವನು. ಲಾವಣಿದಾರನನ್ನು ಸಂಬಳದ ಆಳೆಂದು ಬರೆಯುವದು, ವರ್ಷಕ್ಕೊಬ್ಬರಂತೆ ಬದಲಿಸುವದು, ಬರಹವನ್ನೇ ಬಿಟ್ಟು ಬಾಯಿಮಾತಿನ ಮೇಲೆ ಕೊಡುವದು—ಈ ಉಪಾಯಗಳೆಲ್ಲ ಆಗ ಬಳಕೆಗೆ ಬಂದವು. ಹಿಂದೆ ವರ್ಷಕ್ಕೊಂದು ಕಬೂಲಾಯತಿಯನ್ನು ಹಟದಿಂದ ಬರೆಯಿಸಿಕೊಂಡವನು ಈಗ ಒಂದು ಚೂರು ಕಾಗದಕ್ಕೂ ಹೆದರತೊಡಗಿದನು.

ಕಡೆಗೆ ದೇವರಾಜ ಅರಸರ ಕಾಲದ ತಿದ್ದುಪಡಿಯು ಬಂದಿತು. 1974ರ ಮಾರ್ಚ 1ಕ್ಕೆ ಕುಳಗಳ ಕೈಯಲ್ಲಿದ್ದ ಜಮೀನೆಲ್ಲ ಸರಕಾರಕ್ಕೆ ಸೇರಿತು. 7ನೆಯ ನಮೂನೆಯಲ್ಲಿ ಅರ್ಜಿ ಹಾಕಿದ ಕುಳನಿಗೆ ಅದನ್ನು ಕೊಡತಕ್ಕವು ಭೂನ್ಯಾಯಮಂಡಳಿಗಳು. ಅಸಿಸ್ಟಂಟ ಕಮೀಶನರರು ಅಧ್ಯಕ್ಷರು. ಸರಕಾರವು ನೇಮಿಸಿದ ನಾಲ್ವರು ಸದಸ್ಯರಲ್ಲಿ ಪರಿಶಿಷ್ಟ ಜಾತಿ ಪಂಗಡಗಳವರೊಬ್ಬರಾದರೂ ಇರಬೇಕು. ವಕೀಲರಿಗೆ ಅಲ್ಲಿ ಪ್ರವೇಶವಿಲ್ಲವೆಂದು ಕಾಯದೆಯೇ ಹೇಳಿತು. ಅರ್ಜಿಯ ಅವಧಿಯು ಬೆಳೆಯುತ್ತ ಹೋಗಿ 1979ರ ಜೂನ 30ಕ್ಕೆ ಮುಗಿಯಿತು. ನೂರು ವರ್ಷಗಳಲ್ಲಿ ಮೊದಲ ಸಲ ತಾರೀಖುಗಳು ಉಳುವವನ ಓಣಿಯಲ್ಲಿ ಬಾಯಿಪಾಠವಾದವು. ಏಳನೆಯ ನಮೂನೆಯೆಂಬುದು ಅಕ್ಷರ ಬಾರದವನ ನಾಲಗೆಯ ಮೇಲೂ ನಿಂತಿತು. ಆದರೂ ಮಂಡಳಿಯ ಮುಂದೆ ಮೊದಲ ಪ್ರಶ್ನೆಯೆಂದರೆ ಉತಾರದಲ್ಲಿ ಹೆಸರಿದೆಯೇ ಎಂಬುದೇ. ಹಿಂದೆ ಕಟ್ಟೆಯ ಮೇಲೆ ಕೂತು ಬರೆದ ಖುದ್ದು ಸಾಗುವಳಿಯ ಎರಡು ಶಬ್ದಗಳು ಅಲ್ಲಿ ಸಾಕ್ಷಿಗಳಾಗಿ ಬಂದು ನಿಂತವು.

ಇಲ್ಲಿ ಇನ್ನೊಂದು ಮಗ್ಗಲನ್ನೂ ಹೇಳದಿದ್ದರೆ ಅನ್ಯಾಯವಾದೀತು. ವಿಧವೆಯರು, ಅಪ್ರಾಪ್ತ ವಯಸ್ಕರು, ಅವಿವಾಹಿತ ಸ್ತ್ರೀಯರು ಹೊಲವನ್ನು ಲಾವಣಿಗೆ ಕೊಡಬಹುದೆಂದು 1961ರ ಕಾಯದೆಯಲ್ಲಿ ಅವಕಾಶವಿತ್ತು. 1974ರಲ್ಲಿ ಅದು ಹೋಗಿ ಸೈನಿಕರಿಗೂ ನಾವಿಕರಿಗೂ ಮಾತ್ರ ಉಳಿಯಿತು. ನೂರಾರು ಎಕರೆಯ ಒಡೆಯನಿಗೆ ಬಲ್ಲ ವಹಿವಾಟದಾರನಿದ್ದನು. ಅವನು ಹೇಗೋ ಪಾರಾದನು. ಹತ್ತು ಎಕರೆಯ ಮೇಲೆ ಜೀವಿಸುತ್ತಿದ್ದ ವಿಧವೆಯು ಮೊದಲಿನ ಕಾಯದೆಯನ್ನೇ ನಂಬಿ ಸತ್ಯವಾಗಿ ಲಾವಣಿದಾರನ ಹೆಸರನ್ನು ಬರೆಯಿಸಿದ್ದಳು, ಅವಳು ಕಳಕೊಂಡಳು. ಉಳುವವನಿಗೆ ಹೊಲವು ಸೇರಿದ್ದು ನ್ಯಾಯವೆಂದೇ ನಾನು ತಿಳಿಯುವೆನು. ಆದರೆ ದಫ್ತರದಲ್ಲಿ ನಿಜವನ್ನು ಬರೆಯಿಸಿದವರೇ ಹೆಚ್ಚು ಕಳಕೊಳ್ಳುವಂತಾದದ್ದು ಕಾಯದೆಗೆ ಭೂಷಣವಲ್ಲ.

ಮನೆಗಳ ಕಾಯದೆಯು ಇತ್ತ ಒಂದು ಸುತ್ತನ್ನು ಪೂರೈಸಿದೆ. ಮುಂಬಯಿಯ ಕಾಯದೆಯ ಸ್ಥಾನದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯದೆಯು ಬಂದು, ಮಾಲಕನಿಗೆ ಮನೆಯು ನಿಜವಾಗಿ ಬೇಕಾಗಿದ್ದರೂ ಬಿಡಿಸುವದರಿಂದ ಯಾರಿಗೆ ಹೆಚ್ಚು ತೊಂದರೆಯೆಂಬುದನ್ನು ಕೋರ್ಟು ತೂಗಿ ನೋಡಬೇಕೆಂದಿತು. ಅದರ ಬದಲು ಬಂದ 1999ರ ಬಾಡಿಗೆ ಕಾಯದೆಯು 2001ರ ಡಿಸೆಂಬರ 31ರಿಂದ ನಡೆದಿದೆ. ಇದು ತಿಂಗಳ ಬಾಡಿಗೆಯು ದೊಡ್ಡ ಪಟ್ಟಣಗಳಲ್ಲಿ 3500 ರೂಪಾಯಿಯನ್ನು, ಇತರ ಊರುಗಳಲ್ಲಿ 2000 ರೂಪಾಯಿಯನ್ನು ಮೀರಿದ ಮನೆಗಳನ್ನೂ, 14 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳನ್ನೂ ಹೊರಗಿಟ್ಟಿತು. ಹೊರಗುಳಿದವುಗಳಿಗೆ ತಿರುಗಿ 1882ರ ಕಾಯದೆಯೇ ಗತಿ. ಅದೇ 106ನೆಯ ಕಲಮು, ಅದೇ ಹದಿನೈದು ದಿನ.

ಹೊಲದ ಲಾವಣಿಯು ಕಾಯದೆಯ ಕಣ್ಣಿಗೆ 1974ರಲ್ಲಿಯೇ ತೀರಿಹೋಯಿತು. ಊರಲ್ಲಿ ತೀರಿಲ್ಲ. ಮಕ್ಕಳು ಹುಬ್ಬಳ್ಳಿಗೂ ಬೆಂಗಳೂರಿಗೂ ಹೋದ ಮನೆಗಳ ಹೊಲಗಳು ಯುಗಾದಿಯ ಹೊತ್ತಿಗೆ ಎಕರೆಗಿಷ್ಟು ಎಂದು ಮಾತಾಗುವವು. ಅಣ್ಣಿಗೇರಿ-1 ಎಂಬ ಕಡಲೆಯ ತಳಿಯು ಊರ ಹೆಸರನ್ನು ನಾಡಿಗೆಲ್ಲ ಒಯ್ದಿತಲ್ಲ. ಅದೇ ಕಡಲೆಯನ್ನು ಬಿತ್ತುವವರಲ್ಲಿ ಲಾವಣಿದಾರನೂ ಒಬ್ಬನು. ಅವನ ಹೆಸರು ಉತಾರದಲ್ಲಿರುವದಿಲ್ಲವಾದ್ದರಿಂದ ಬೆಳೆ ಹೋದಾಗ ಪರಿಹಾರದ ಹಣವು ಬೆಂಗಳೂರಿನಲ್ಲಿರುವ ಖಾತೆದಾರನಿಗೆ ಮುಟ್ಟುವದು. ಕೊಟ್ಟವನೂ ಬರೆಯುವದಿಲ್ಲ, ಹಿಡಿದವನೂ ಬರೆಯಿಸುವದಿಲ್ಲ; ಬರೆದರೆ ಒಬ್ಬನಿಗೆ ಹೊಲವು ಹೋದೀತೆಂಬ ಭಯ, ಇನ್ನೊಬ್ಬನಿಗೆ ಬರುವ ವರ್ಷ ಹೊಲವು ಸಿಕ್ಕಲಿಕ್ಕಿಲ್ಲವೆಂಬ ಭಯ. ಹಿತ್ತಾಳೆಯ ಕೀಲಿಯ ಪೆಟ್ಟಿಗೆಯಲ್ಲಿ 1974ರ ಈಚೆಗಿನ ಲಾವಣಿಯ ಕಾಗದವು ಒಂದೂ ಸಿಕ್ಕುವದಿಲ್ಲ.